ಒಂದು ಗೇಣು ಒಳಕ್ಕೆ

ಮೇಸ್ತ್ರಿ ಬೆಕ್ಕು ಅವತ್ತೂ ಎರಡು ತುತ್ತು ತಿಂದು ತಟ್ಟೆಗೆ ಬೆನ್ನು ಹಾಕಿತು. ಅಕ್ಕ ನೆಲದ ಮೇಲೆ ಕೂತು ಮೀನಿನ ಚೂರೊಂದನ್ನು ಬೆರಳಲ್ಲಿ ಹಿಡಿದು ಅದರ ಮೂಗಿನ ಹತ್ತಿರ ಒಯ್ದಳು. ಮೂಸಿತು. ಬೇಡವೆಂದರೆ ಇವಳೆಲ್ಲಿ ಬೇಜಾರು ಮಾಡಿಕೊಳ್ಳುತ್ತಾಳೋ ಎನ್ನುವ ಹಾಗೆ ಒಂದು ಸಲ ನೆಕ್ಕಿ, ಮಂಚದ ಕೆಳಗೆ ಹೋಗಿ ಮಲಗಿಕೊಂಡಿತು. ಬಾಗಿಲ ಹತ್ತಿರ ಬಗ್ಗಿ ಶೂ ಲೇಸು ಕಟ್ಟುತ್ತಿದ್ದ ಬಲೆಯಣ್ಣ ಇದನ್ನೆಲ್ಲ ನೋಡಿಯೂ ನೋಡದವನಂತೆ ಇದ್ದ.

"ಭಾನುವಾರ ಅವಳಿಗೆ ಬಾ ಅಂದಿದೀನಿ," ಎಂದಳು ಅಕ್ಕ. "ಬುಟ್ಟಿ ತರ್ತಾಳೆ."

"ಯಾರು?"

"ಯಾರು ಅಂತ ನಿಂಗೆ ಗೊತ್ತು."

ಗೊತ್ತಿತ್ತು. ಅಕ್ಕ ಕೆಲಸ ಮಾಡುವ ಪ್ರೆಸ್ಸಿನಲ್ಲಿ, ಅವಳು ಪುಸ್ತಕ ಬೈಂಡ್ ಮಾಡುವ ಮೇಜಿನ ಎದುರಿಗೇ ಕೂತು ಪ್ರೂಫ್ ತಿದ್ದುವ ಗೆಳತಿ. ಅವಳದು ನೆಲಮಟ್ಟದ ಮನೆ, ಹಿಂದೆ ಒಂದಿಷ್ಟು ಹಿತ್ತಲು, ಮುಂದೆ ಹಗಲೆಲ್ಲ ಗಾಡಿ ಓಡಾಡುವ ರಸ್ತೆ. ಆ ಮನೆಯಲ್ಲಿ ಈ ಹಿಂದೆ ಎರಡು ಬೆಕ್ಕುಗಳಿದ್ದವು. ಒಂದು ಗಾಡಿಗೆ ಸಿಕ್ಕಿತು, ಇನ್ನೊಂದು ಒಂದು ದಿನ ಗೋಡೆ ಹಾರಿ ಹೋದದ್ದು ತಿರುಗಿ ಬರಲಿಲ್ಲ. ಪಾಪ, ಇದನ್ನು ಅವಳೇ ಮುಚ್ಚುಮರೆ ಇಲ್ಲದೆ ಹೇಳಿದ್ದಳು. ಅಂಥ ಮನೆಗೆ ಮೇಸ್ತ್ರಿಯನ್ನು ಕಳಿಸಿದರೆ ಅದು ಒಂದು ವರ್ಷವೂ ಉಳಿಯುವುದಿಲ್ಲ ಎಂದು ಬಲೆಯಣ್ಣ ಶೂ ನೋಡುತ್ತಲೇ ಗೊಣಗಿದ.

ಅಕ್ಕ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಅವನಿಗೂ ಅಷ್ಟು ಕಷ್ಟವಾಗುತ್ತಿರಲಿಲ್ಲ. ತಟ್ಟೆಯನ್ನು ಕೈಗೆತ್ತಿಕೊಂಡು ಎದ್ದು ನಿಂತು, "ಇಲ್ಲಿ ಉಳಿದಿದೆಯಾ? ಮಂಚದ ಕೆಳಗೆ ನೋಡು," ಎಂದಳು. "ಎಷ್ಟು ದಿನ ಇರುತ್ತೋ ಅಷ್ಟು ದಿನ ಬೆಕ್ಕಾಗಿ ಇರಲಿ ಕಣೋ."

ಅವನು ಡ್ರಿಲ್ಲಿನ ಚೀಲವನ್ನು ಹೆಗಲಿಗೇರಿಸಿ ಮೆಟ್ಟಿಲಿಳಿದ.

ಪಾರಿವಾಳ ಬರದ ಹಾಗೆ ಕಿಟಕಿಗೆ, ಬಾಲ್ಕನಿಗೆ ಬಲೆ ಕಟ್ಟುವುದು ಅವನ ಕಸುಬು. ಹದಿನೈದು ವರ್ಷ ಅದನ್ನೇ ಮಾಡಿ ಮಾಡಿ ಬೀದಿಯವರ ಬಾಯಲ್ಲೆಲ್ಲ ಬಲೆಯಣ್ಣನಾಗಿಬಿಟ್ಟಿದ್ದ. ಸೊಂಟಕ್ಕೆ ಬೆಲ್ಟು ಬಿಗಿದು ಏಳನೆಯ ಮಹಡಿಯ ಗೋಡೆಗೆ ಅಂಟಿಕೊಂಡು ನಿಂತನೆಂದರೆ ಕೆಳಗಿನಿಂದ ನೋಡುವವರ ಜೀವ ಬಾಯಿಗೆ ಬರುತ್ತಿತ್ತು; ಅವನು ಮಾತ್ರ ಹಾಸಿಗೆಯ ಮೇಲೆ ಕೂತಷ್ಟು ಆರಾಮಾಗಿ ಹಾಡು ಗುನುಗುತ್ತ ಕೊಕ್ಕೆ ಹೊಡೆಯುತ್ತಿದ್ದ. ಅಕ್ಕ ಪ್ರೆಸ್ಸಿನಲ್ಲಿ ಮಾಡಿಸಿಕೊಟ್ಟ ಕಾರ್ಡಿನ ಮೇಲೆ 'ಒಂದು ಪುಕ್ಕವೂ ಒಳಗೆ ಬರದು' ಎಂದಿತ್ತು. ಅದು ಬರೀ ಬಡಾಯಿಯಲ್ಲ. ಬೇರೆಯವರು ಬಲೆಯನ್ನು ಕಿಟಕಿಯ ಚೌಕಟ್ಟಿಗೇ ಕಟ್ಟಿ ಕೈತೊಳೆದುಕೊಳ್ಳುತ್ತಾರೆ, ಹಕ್ಕಿ ಹೊರಗಿನ ಕಟ್ಟೆಯ ಮೇಲೆ ಕೂತು ಗಲೀಜು ಮಾಡುತ್ತಲೇ ಇರುತ್ತದೆ. ಅವನದು ಹಾಗಲ್ಲ. ಅವನ ಬಲೆ ಕಟ್ಟೆಯ ಹೊರ ಅಂಚಿಗೇ ಬೀಳಬೇಕು. ಪಾರಿವಾಳಕ್ಕೆ ಬೆರಳಗಲದ ಜಾಗವನ್ನೂ ಬಿಡಕೂಡದು. ಈ ಸುತ್ತಮುತ್ತಲ ಬೀದಿಗಳಲ್ಲಿ ಪಾರಿವಾಳ ಕೂರುವುದಕ್ಕೆ ಒಂದು ಕಟ್ಟೆ ಉಳಿದಿಲ್ಲವೆಂದರೆ ಅದು ಅವನ ಕೈಗುಣ.

ಊರಿಗೆಲ್ಲ ಬಲೆ ಕಟ್ಟಿದವನ ಮನೆಯ ಕಿಟಕಿಗೇ ತಿಂಗಳ ಹಿಂದಿನವರೆಗೂ ಬಲೆ ಇರಲಿಲ್ಲ. ನಾಲ್ಕನೆಯ ಮಹಡಿ, ಒಂದೇ ದೊಡ್ಡ ಕಿಟಕಿ. ಅಕ್ಕ ಎರಡು ವರ್ಷದಿಂದ ಹೇಳುತ್ತಿದ್ದಳು, ಅವನು ಈ ಭಾನುವಾರ, ಮುಂದಿನ ಭಾನುವಾರ ಎನ್ನುತ್ತಲೇ ಇದ್ದ. ಆ ಕಿಟಕಿಯೇ ಬೆಕ್ಕಿನ ಲೋಕ. ಪ್ರೆಸ್ಸಿನ ಕಾಗದದ ರಾಶಿಯ ನಡುವೆ ಸಿಕ್ಕಿದ್ದ ಮುಷ್ಟಿಗಾತ್ರದ ಮರಿಯನ್ನು ಅಕ್ಕ ತನ್ನ ಊಟದ ಚೀಲದಲ್ಲಿ ಹಾಕಿಕೊಂಡು ಬಂದು ನಾಲ್ಕು ವರ್ಷವಾಗಿತ್ತು. ಬೆಳೆದ ಮೇಲೆ ಅದಕ್ಕೆ ಒಂದೇ ಕೆಲಸ. ಬೆಳಿಗ್ಗೆ ಎದ್ದು ಕಿಟಕಿಯ ಒಳಗಿನ ಕಟ್ಟೆ ಹತ್ತಿ, ಮುಂಗಾಲು ಎರಡನ್ನೂ ಎದೆಯಡಿ ಮಡಚಿಟ್ಟುಕೊಂಡು, ಎರಡು ಬೆರಳಗಲ ತೆರೆದ ಸಂದಿಯಿಂದ ಹೊರಗಿನ ಕಟ್ಟೆಯ ಪಾರಿವಾಳಗಳನ್ನು ನೋಡುವುದು. ಅವು ಕಡ್ಡಿ ತಂದರೆ ನೋಡುವುದು, ಜಗಳವಾಡಿದರೆ ನೋಡುವುದು, ಸಂಜೆಯವರೆಗೆ ಅದೇ. ಕಟ್ಟಡದ ಕೆಲಸದಲ್ಲಿ ತಾನು ಇಟ್ಟಿಗೆ ಮುಟ್ಟದೆ ಕೂಲಿಯವರನ್ನು ದಿಟ್ಟಿಸುತ್ತ ಕೂರುವವರನ್ನು ಬಲೆಯಣ್ಣ ಬೇಕಾದಷ್ಟು ಕಂಡಿದ್ದ. ಮೇಸ್ತ್ರಿ ಎಂದು ಹೆಸರಿಟ್ಟವನು ಅವನೇ. ಆದರೂ ಯಾರಾದರೂ ಕೇಳಿದರೆ ಅದು ಅಕ್ಕನ ಬೆಕ್ಕು, ನನಗೂ ಅದಕ್ಕೂ ಸಂಬಂಧವಿಲ್ಲ ಎನ್ನುತ್ತಿದ್ದ.

ಮೂರು ತಿಂಗಳ ಹಿಂದೆ ಒಂದು ಮಧ್ಯಾಹ್ನ, ನೆನೆದುಹೋಗಿದ್ದ ತನ್ನ ಬೆಲ್ಟನ್ನು ಒಣಗಲಿ ಎಂದು ಕಿಟಕಿಯ ಹೊರಗೆ ನೇತುಹಾಕಿದ. ಅದಕ್ಕಾಗಿ ಕಿಟಕಿಯನ್ನು ಪೂರ್ತಿ ತೆರೆದವನು ಹಾಗೇ ಬಿಟ್ಟು ಮಲಗಿದ. ಬೆಲ್ಟಿಲ್ಲದೆ ಒಂದು ಹೆಜ್ಜೆ ಹೊರಗಿಡದ ಮನುಷ್ಯನ ಬೆಲ್ಟು ಹೊರಗೆ ಗಾಳಿಗೆ ಆಡುತ್ತಿತ್ತು, ಬೆಕ್ಕು ಪಾರಿವಾಳದ ಮೇಲೆ ಹಾರಿತು. ಕೆಳಗೆ ಗಾಡಿಗೆ ಹೊದಿಸಿದ್ದ ಟಾರ್ಪಾಲಿನ ಮೇಲೆ ಬಿದ್ದದ್ದಕ್ಕೆ ಜೀವ ಉಳಿಯಿತು, ಹಿಂಗಾಲು ಮುರಿಯಿತು. ಬೆಕ್ಕನ್ನು ಟವೆಲಿನಲ್ಲಿ ಸುತ್ತಿಕೊಂಡು ಡಾಕ್ಟರ ಹತ್ತಿರ ಓಡಿದವನು ಅವನೇ. ಅದು ದಾರಿಯುದ್ದಕ್ಕೂ ಒಂದು ಸದ್ದು ಮಾಡಲಿಲ್ಲ, ಇವನ ಅಂಗಿಯ ಗುಂಡಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ಇತ್ತು. ಕಿಟಕಿ ತೆರೆದದ್ದು ಯಾರು ಎಂದು ಅಕ್ಕ ಇವತ್ತಿನವರೆಗೂ ಕೇಳಿರಲಿಲ್ಲ.

ಕಾಲಿನ ಪಟ್ಟಿ ಬಿಚ್ಚಿದ ದಿನ ಡಾಕ್ಟರು ಹೇಳಿದ್ದು ಇಷ್ಟು. ಇನ್ನೊಂದು ಸಲ ಬಿದ್ದರೆ ನನ್ನ ಹತ್ತಿರ ತರಬೇಡಿ, ತಂದು ಪ್ರಯೋಜನವಿರುವುದಿಲ್ಲ. ಕಿಟಕಿ ಭದ್ರ ಮಾಡಿ. ಮನೆಯೊಳಗೇ ಇಡಿ, ಆದರೆ ಬೇಜಾರಾಗದ ಹಾಗೆ ಇಡಿ. ಉಗುರು ಕೆರೆಯುವುದಕ್ಕೆ ಏನಾದರೂ ಕೊಡಿ, ಹತ್ತಿ ಕೂರುವುದಕ್ಕೆ ಎತ್ತರದ ಜಾಗ ಕೊಡಿ, ದಿನಕ್ಕೆ ಎರಡು ಸಲ ಆಟವಾಡಿಸಿ. ಬಲೆಯಣ್ಣ ಮರುದಿನ ಕೆಲಸಕ್ಕೆ ಹೋಗಲಿಲ್ಲ. ಇದ್ದುದರಲ್ಲೇ ಗಟ್ಟಿಯಾದ ದಾರದ ಬಲೆ ತಂದ, ಎರಡು ಪದರ ಮಾಡಿದ, ಗೇಣಿಗೊಂದು ಕೊಕ್ಕೆ ಹಾಕುವ ಕಡೆ ಅರ್ಧ ಗೇಣಿಗೊಂದು ಹಾಕಿದ. ತನ್ನ ಜನ್ಮದಲ್ಲಿ ಅಷ್ಟು ಚೊಕ್ಕವಾದ ಬಲೆಯನ್ನು ಅವನು ಕಟ್ಟಿರಲಿಲ್ಲ. ಕಟ್ಟೆಯ ಹೊರ ಅಂಚಿಗೆ ಸರಿಯಾಗಿ, ಒಂದು ಕೂದಲು ಆಚೀಚೆ ಇಲ್ಲದೆ. ಕಂಬಕ್ಕೆ ಹಗ್ಗ ಸುತ್ತಿ ಉಗುರಿಗೆ ಕೊಟ್ಟ, ಕಪಾಟಿನ ಮೇಲೆ ಹಲಗೆ ಹೊಡೆದ, ಅಂಗಡಿಯಿಂದ ರಬ್ಬರಿನ ಇಲಿ ತಂದ. ಮೇಸ್ತ್ರಿ ಆ ಇಲಿಯನ್ನು ಮದುವೆಮನೆಗೆ ಕರೆಯದೆ ಬಂದ ನೆಂಟನನ್ನು ನೋಡಿದ ಹಾಗೆ ನೋಡಿತು. ಎರಡು ದಿನ ಕಿಟಕಿಯಲ್ಲಿ ಕೂತಿತು, ಮೂರನೆಯ ದಿನ ಇಳಿದುಬಂತು, ಆಮೇಲೆ ಮಂಚದ ಕೆಳಗೆ ಸೇರಿತು. ಡಾಕ್ಟರಿಗೆ ಮತ್ತೆ ತೋರಿಸಿದ್ದಾಯಿತು. ಕಾಲು ಚೆನ್ನಾಗಿದೆ, ಹೊಟ್ಟೆ ಚೆನ್ನಾಗಿದೆ, ಕಾಯಿಲೆ ಏನೂ ಇಲ್ಲ ಎಂದರು. ಕಾಯಿಲೆ ಇಲ್ಲದ್ದಕ್ಕೆ ಔಷಧಿ ಎಲ್ಲಿಂದ ತರುವುದು ಎಂದು ಅಕ್ಕ ಮನೆಗೆ ಬಂದು ಕಣ್ಣು ಒರೆಸಿಕೊಂಡಳು.

ಹೀಗೆ ತಿಂಗಳು ಕಳೆದು, ಈ ಬುಧವಾರ ಬುಟ್ಟಿಯ ಮಾತು ಬಂದಿತ್ತು.

ಅವತ್ತಿನ ಕೆಲಸ ಒಬ್ಬ ನಿವೃತ್ತ ಟೀಚರ ಮನೆಯಲ್ಲಿ. ತಿಂಗಳ ಹಿಂದೆ ಅವನೇ ಕಟ್ಟಿದ ಬಲೆ, ಒಂದು ಕೊಕ್ಕೆ ಸಡಿಲವಾಗಿತ್ತು. ಐದು ನಿಮಿಷದ ಕೆಲಸ. ಟೀಚರು ಬಿಡಲಿಲ್ಲ, ಟೀ ಕುಡಿದೇ ಹೋಗಬೇಕು ಎಂದು ಕಿಟಕಿಯ ಎದುರಿನ ತಮ್ಮ ಕುರ್ಚಿಯಲ್ಲೇ ಕೂರಿಸಿದರು. ಗಿರಾಕಿಗಳ ಮನೆಯಲ್ಲಿ ಅವನು ಕೂತವನೇ ಅಲ್ಲ. ಹದಿನೈದು ವರ್ಷ ಕಿಟಕಿಗಳನ್ನು ಹೊರಗಿನಿಂದ ನೋಡಿದವನು, ಒಳಗೆ ಕೂತು ತನ್ನ ಬಲೆಯನ್ನು ಇದೇ ಮೊದಲು ಗಮನವಿಟ್ಟು ನೋಡಿದ.

ಒಂದು ಪಾರಿವಾಳ ಹಾರಿಬಂತು. ಅದಕ್ಕೆ ಹಳೆಯ ರೂಢಿ ಇರಬೇಕು, ನೇರ ಕಟ್ಟೆಗೇ ಬಂತು. ಬಲೆಯ ಎದುರು ರೆಕ್ಕೆ ಬಡಿಯುತ್ತ ಒಂದು ಕ್ಷಣ ಗಾಳಿಯಲ್ಲೇ ನಿಂತಿತು, ಕಾಲು ಚಾಚಿತು, ಊರುವುದಕ್ಕೆ ಏನೂ ಸಿಗದೆ ತಿರುಗಿ ಹೋಯಿತು. ಆಮೇಲೆ ಬರೀ ಆಕಾಶ.

"ನಿಮಗೆ ಪುಣ್ಯ ಬರಲಿ ಬಲೆಯವರೇ," ಎಂದರು ಟೀಚರು ಟೀ ಕೊಡುತ್ತ. "ಗಲೀಜಿಲ್ಲ, ಸದ್ದಿಲ್ಲ. ಮುಂಚೆ ಬೆಳಗಿಂದ ಸಂಜೆ ತನಕ ಅವುಗಳನ್ನ ಓಡಿಸೋದೇ ಕೆಲಸ. ಈಗ ಕಿಟಕಿ ಕಡೆ ತಿರುಗಿ ಕೂರೋದೇ ಬಿಟ್ಟಿದೀನಿ. ನೋಡೋಕೇನಿದೆ ಅಲ್ಲಿ?"

ಹೊಗಳಿಕೆಯ ಮಾತೇ. ಬಲೆಯಣ್ಣನಿಗೆ ಮಾತ್ರ ಮಂಚದ ಕೆಳಗಿನ ಎರಡು ಕಣ್ಣು ನೆನಪಾದವು. ಅಯ್ಯೋ, ನಾನೆಂಥ ದಡ್ಡ ಎಂದುಕೊಂಡ. ಬೆಕ್ಕು ಹೊರಗೆ ಬೀಳದ ಹಾಗೆ ಬಲೆ ಕಟ್ಟು ಎಂದರೆ, ಕೈ ತನ್ನ ಪಾಡಿಗೆ ತಾನು ಪಾರಿವಾಳ ಬರದ ಹಾಗೆ ಕಟ್ಟಿಬಿಟ್ಟಿದೆ. ಅರ್ಧ ಟೀ ಬಿಟ್ಟು ಎದ್ದವನನ್ನು ಕಂಡು ಸಕ್ಕರೆ ಹೆಚ್ಚಾಯಿತೇ ಎಂದು ಟೀಚರು ಕೇಳಿದ್ದು ಅವನ ಕಿವಿಗೆ ಬೀಳಲಿಲ್ಲ.

ಅಕ್ಕ ಪ್ರೆಸ್ಸಿನಿಂದ ಬಂದಾಗ ಅವನು ತಾರಸಿಯಿಂದ ಇಳಿಬಿಟ್ಟ ಹಗ್ಗದಲ್ಲಿ ಕಿಟಕಿಯಾಚೆ ನೇತಾಡುತ್ತಿದ್ದ. ಹೊರ ಅಂಚಿನ ಕೊಕ್ಕೆಗಳನ್ನೆಲ್ಲ ಕಿತ್ತಿದ್ದ. ಬಲೆಯನ್ನು ಒಂದು ಗೇಣು ಒಳಕ್ಕೆ ತಂದು, ಯಾವ ಕೆಲಸಕ್ಕೆ ಬೇರೆಯವರನ್ನು ಇಷ್ಟು ವರ್ಷ ಆಡಿಕೊಂಡು ನಕ್ಕಿದ್ದನೋ ಅದನ್ನೇ ಮಾಡುತ್ತಿದ್ದ. ಕಿಟಕಿಯ ಚೌಕಟ್ಟಿಗೆ ಬಿಗಿಯುತ್ತಿದ್ದ. ಎರಡೂ ಪದರ ಹಾಗೇ ಇದ್ದವು, ಕೊಕ್ಕೆ ಮೊದಲಿಗಿಂತ ಹತ್ತಿರ ಹತ್ತಿರ ಇದ್ದವು. ಹೊರಗಿನ ಕಟ್ಟೆ ಈಗ ಬಲೆಯ ಆಚೆಗೆ, ಖಾಲಿಯಾಗಿ ಬಿದ್ದಿತ್ತು. ತಾರಸಿ ಹತ್ತಿ ಮನೆಯೊಳಗೆ ಬಂದವನು ಬಲೆಯನ್ನು ಎರಡು ಕೈಯಲ್ಲಿ ಹಿಡಿದು, ತನ್ನ ಪೂರ್ತಿ ಭಾರ ಬಿಟ್ಟು ಜಗ್ಗಿದ. ಕಟ್ಟಡ ಅಲುಗಿದರೂ ಅದು ಅಲುಗುವ ಹಾಗಿರಲಿಲ್ಲ. ಪಾರಿವಾಳ ಬರುತ್ತವೆ, ನೋಡುತ್ತಿರು ಎಂದ. ಬಂದರೆ ಒಳ್ಳೆಯದೇ ಎಂದಳು ಅಕ್ಕ, ಗೆಳತಿ ಬರುವುದು ಮಾತ್ರ ಭಾನುವಾರವೇ ಎಂದೂ ಸೇರಿಸಿದಳು.

ಗುರುವಾರ ಬರಲಿಲ್ಲ, ಶುಕ್ರವಾರವೂ ಬರಲಿಲ್ಲ. ಎಲ್ಲಿಂದ ಬಂದಾವು? ಮೂರು ಬೀದಿಯ ಆಚೆಗೆ, ಹಳೆಯ ಗೋದಾಮಿನ ಚಾವಣಿಗೆ ಅವುಗಳನ್ನು ಅಟ್ಟಿದವನು ಇವನೇ ತಾನೆ. ಗಿರಾಕಿಗಳ ಮುಂದೆ ಅವನು ತಪ್ಪದೆ ಒಪ್ಪಿಸುವ ಪಾಠವೊಂದಿತ್ತು. ಕಾಳು ಚೆಲ್ಲಬೇಡಿ, ನೀರಿಡಬೇಡಿ, ಹೊರಗೆ ಹಲಗೆ ಗಿಲಗೆ ಬಿಡಬೇಡಿ, ಕಡ್ಡಿ ಕಂಡರೆ ಕೂಡಲೇ ತೆಗೆದುಹಾಕಿ. ಶುಕ್ರವಾರ ಸಂಜೆ ಕೂತು ಆ ಪಾಠವನ್ನು ತಲೆಕೆಳಗು ಮಾಡಿ ಓದಿದ. ಮತ್ತೆ ತಾರಸಿಯಿಂದ ಹಗ್ಗದಲ್ಲಿ ಇಳಿದು ಕಟ್ಟೆಯ ಮೇಲೆ ಹಿಡಿ ಜೋಳ ಚೆಲ್ಲಿದ. ಚಪ್ಪಟೆ ಮುಚ್ಚಳದಲ್ಲಿ ನೀರಿಟ್ಟ. ಗಾಳಿ ಬಡಿಯದ ಮೂಲೆಗೆ ಒಂದು ಹಲಗೆ ಓರೆಯಾಗಿ ನಿಲ್ಲಿಸಿ ತಂತಿಯಲ್ಲಿ ಕಟ್ಟಿದ. ಶನಿವಾರ ಒಂದು ಮನೆಯ ಬಾಲ್ಕನಿಯಲ್ಲಿ ಹಕ್ಕಿ ಬಿಟ್ಟುಹೋದ ಹಳೆಯ ಗೂಡೊಂದು ಸಿಕ್ಕಿತು. ಬೇರೆ ದಿನವಾಗಿದ್ದರೆ ಕಸದ ಚೀಲಕ್ಕೆ ಹೋಗುತ್ತಿದ್ದ ಆ ಕಡ್ಡಿಗಳನ್ನು ಕರವಸ್ತ್ರದಲ್ಲಿ ಜೋಪಾನವಾಗಿ ಕಟ್ಟಿ ಜೇಬಿಗಿಟ್ಟುಕೊಂಡ. ಆ ಮನೆಯವರು ಇದ್ಯಾಕೆ ಎಂದದ್ದಕ್ಕೆ ಏನೋ ಒಂದು ಸುಳ್ಳು ಹೇಳಿದ. ಮನೆಗೆ ಬಂದು ಕಡ್ಡಿಗಳನ್ನು ಬಲೆಯ ಕಣ್ಣಿನಿಂದ ತೂರಿಸಿ ಹಲಗೆಯ ಮೂಲೆಯಲ್ಲಿ ಹರಡುವಾಗ ಮೇಸ್ತ್ರಿ ಮಂಚದ ಕೆಳಗಿನಿಂದ ಒಂದು ಕಿವಿ ಮಾತ್ರ ತಿರುಗಿಸಿತು.

ಭಾನುವಾರ ಬೆಳಿಗ್ಗೆ ಎದ್ದವನೇ ಕಿಟಕಿಗೆ ಹೋದ. ಜೋಳ ಕಡಿಮೆಯಾಗಿತ್ತು. ಕಟ್ಟೆಯ ಮೇಲೆ, ಹಲಗೆಯ ಪಕ್ಕ, ಬೆಳ್ಳಗೆ ಹಸಿ ಹಸಿಯಾಗಿ ಒಂದು ಹಿಕ್ಕೆ ಬಿದ್ದಿತ್ತು. ತನ್ನ ಆಯುಸ್ಸಿನಲ್ಲಿ ಬಕೆಟ್ಟುಗಟ್ಟಲೆ ಹಿಕ್ಕೆ ಕೆರೆದು ತೊಳೆದವನು ಅದನ್ನು ಕಂಡು ಹಿಗ್ಗಿಹೋದ. ಅಡುಗೆಮನೆಯಿಂದ ಅಕ್ಕನ ಕೈಹಿಡಿದು ಎಳೆದುಕೊಂಡು ಬಂದು ತೋರಿಸಿದ. ಅಕ್ಕ ನೋಡಿದಳು. ಅವಳ ಮುಖದಲ್ಲಿ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಇದನ್ನು ಕಂಡು ನೀನು ಕುಣಿದೆ ಸರಿ, ಅದು ಮಂಚದಿಂದಾಚೆ ಬಂದಿದೆಯೇ ಎಂದು ಕೇಳಿದಳು. ಅವನು ಬಗ್ಗಿ ಮಂಚದ ಕೆಳಗೆ ನೋಡಿದ.

ಹತ್ತು ಗಂಟೆಗೆ ಪ್ರೂಫಿನ ಗೆಳತಿ ಬಂದಳು. ಬೆತ್ತದ ಬುಟ್ಟಿ, ಮೇಲೆ ಮುಚ್ಚಳ, ಒಳಗೆ ಮೆತ್ತಗಿನ ಹಳೆಯ ಟವೆಲು. ಒಳ್ಳೆಯ ಹೆಂಗಸು. ಬುಟ್ಟಿಯನ್ನು ಕಣ್ಣಿಗೆ ಬೀಳದ ಹಾಗೆ ಬಾಗಿಲ ಹಿಂದೆ ಇಟ್ಟು, ಬಂದ ಕೆಲಸ ಬಿಟ್ಟು ಪ್ರೆಸ್ಸಿನ ಮಾತಾಡಿದಳು. ಟೀ ಆಯಿತು. ಕೊನೆಗೆ ಅಕ್ಕನೇ ಬಗ್ಗಿ ಮಂಚದ ಕೆಳಗಿನಿಂದ ಬೆಕ್ಕನ್ನು ಎತ್ತಿಕೊಂಡಳು. ಮೊದಲಾಗಿದ್ದರೆ ಬುಟ್ಟಿಯ ವಾಸನೆಗೇ ಮನೆಯನ್ನು ತಲೆಕೆಳಗು ಮಾಡುತ್ತಿದ್ದ ಪ್ರಾಣಿ, ಅವಳ ತೋಳಿನಲ್ಲಿ ಒಗೆದ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಅದನ್ನು ನೋಡುವುದು ಬಲೆಯಣ್ಣನ ಕೈಲಾಗಲಿಲ್ಲ.

"ಇನ್ನೊಂದು ಟೀ ಕುಡೀರಿ," ಎಂದ ಗೆಳತಿಗೆ.

ಅಕ್ಕ ಅವನ ಮುಖ ನೋಡಿದಳು. "ಸುಮ್ನೆ ಯಾಕೋ ಎಳೀತೀಯ?"

"ಕಿಟಕಿ ತೆಗೆದಿಟ್ಟವನು ನಾನು ಅಕ್ಕ," ಎಂದ. "ಎರಡು ವರ್ಷ ನೀನು ಬಡ್ಕೊಂಡೆ, ನಾನು ಬಲೆ ಕಟ್ಟಲಿಲ್ಲ. ಕಟ್ಟಿದಾಗ್ಲೂ ತಪ್ಪು ಕಟ್ಟಿದೆ. ಅದು ನಿನ್ ಬೆಕ್ಕು ಅಂತ ಹೇಳ್ತಿದ್ದದ್ದೂ ಸುಳ್ಳು. ನಂಗೂ ಬೇಕು ಅದು. ಒಂದು ಹತ್ತು ನಿಮಿಷ ಕೂತ್ಕೋ."

ಅಕ್ಕನ ಕಣ್ಣು ತುಂಬಿತು. "ಗೊತ್ತಿತ್ತು ಕಣೋ," ಎಂದಳು. ಬೆಕ್ಕನ್ನು ಮಡಿಲಲ್ಲಿಟ್ಟುಕೊಂಡು ಮಂಚದ ತುದಿಗೆ, ಕಿಟಕಿಗೆ ಮುಖಮಾಡಿ ಕೂತಳು. ಗೆಳತಿ ತಾನೇ ಎದ್ದು ಅಡುಗೆಮನೆಗೆ ಹೋಗಿ ಇನ್ನೊಂದು ಸಲ ಟೀಗೆ ನೀರಿಟ್ಟು ಬಂದಳು. ಮೂವರೂ ಬಸ್ಸು ಕಾಯುವವರ ಹಾಗೆ ಸಾಲಾಗಿ ಕೂತು ಖಾಲಿ ಕಟ್ಟೆಯನ್ನು ನೋಡಿದರು. ಕೆಳಗೆ ಯಾರೋ ಗಾಡಿ ತೊಳೆಯುತ್ತಿದ್ದರು. ಟೀ ಕುದ್ದಿತು, ಗೆಳತಿ ಹೋಗಿ ಒಲೆ ಆರಿಸಿದಳು. ಹತ್ತು ನಿಮಿಷ ಕಳೆಯಿತು, ಇಪ್ಪತ್ತಾಯಿತು. ಅಕ್ಕ ಏಳುವುದಕ್ಕೆಂದು ಸೆರಗು ಸರಿಮಾಡಿಕೊಂಡಳು.

ಆಗ ರೆಕ್ಕೆಯ ಸದ್ದಾಯಿತು.

ಬೂದು ಬಣ್ಣದ ಒಂದು ಪಾರಿವಾಳ, ಕೊರಳಲ್ಲಿ ಹಸಿರು ಹೊಳಪು. ಹಲಗೆಯ ಮೇಲಿಳಿದು ತಲೆ ಓರೆಮಾಡಿ ಒಳಗೆ ನೋಡಿತು. ಅಕ್ಕನ ಮಡಿಲಿನಲ್ಲಿ ಮೊದಲು ಬಾಲದ ತುದಿ ಅಲುಗಿತು. ಆಮೇಲೆ ಜೋತುಬಿದ್ದಿದ್ದ ಮೈ ಎಲ್ಲಿಂದಲೋ ಮೂಳೆ ತಂದುಕೊಂಡಿತು. ಮೇಸ್ತ್ರಿ ನೆಲಕ್ಕಿಳಿದು, ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಿ, ಕುರ್ಚಿಯ ಹಿಂದಿನಿಂದ ಸುತ್ತುಹಾಕಿ ಹೋಗಿ, ಮುರಿದು ಕೂಡಿದ್ದ ಹಿಂಗಾಲನ್ನು ಕೊಂಚ ಎಳೆಯುತ್ತಲೇ ಒಳಗಿನ ಕಟ್ಟೆಗೆ ಹಾರಿತು. ಹಾರಿದ ರಭಸಕ್ಕೆ ಬಲೆಗೆ ಢಿಕ್ಕಿ ಹೊಡೆಯಿತು. ಬಲೆ ಅಲುಗಲಿಲ್ಲ. ಪಾರಿವಾಳ ಎರಡು ಹೆಜ್ಜೆ ಹಿಂದೆ ಸರಿದು, ಇವರ ಹಣೆಬರಹ ಇಷ್ಟೇ ಎಂದು ತಿಳಿದುಕೊಂಡ ಹಾಗೆ ಮತ್ತೆ ಜೋಳಕ್ಕೆ ಬಾಯಿಹಾಕಿತು. ಮೇಸ್ತ್ರಿಯ ದವಡೆ ನಡುಗತೊಡಗಿತು. ಕ್ಕ್ ಕ್ಕ್ ಕ್ಕ್ ಎಂದು ಹಲ್ಲುಗಳ ನಡುವಿನಿಂದ ಬರುವ ಆ ಸದ್ದನ್ನು ಈ ಮನೆ ಮೂರು ತಿಂಗಳಿಂದ ಕೇಳಿರಲಿಲ್ಲ. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಸ್ವಲ್ಪ ಹೊತ್ತಿಗೆ ಇನ್ನೊಂದು ಪಾರಿವಾಳ ಬಂತು. ಮೇಸ್ತ್ರಿ ಮುಂಗಾಲುಗಳನ್ನು ಎದೆಯಡಿ ಮಡಚಿಟ್ಟುಕೊಂಡು ಕೂತುಬಿಟ್ಟಿತು. ಗೆಳತಿ ಬಾಗಿಲ ಹಿಂದಿನ ಬುಟ್ಟಿಯಿಂದ ಟವೆಲನ್ನು ತೆಗೆದು ಮಡಚಿ ಕಿಟಕಿಯ ಹತ್ತಿರ ಇಟ್ಟಳು, ಕಟ್ಟೆ ತಣ್ಣಗಿರುತ್ತದೆ, ಆಮೇಲೆ ಹಾಸು ಎಂದು ಅಕ್ಕನಿಗೆ ಪಿಸುಗುಟ್ಟಿದಳು. ಬುಟ್ಟಿಯಲ್ಲಿ ತೆಗೆದುಕೊಂಡು ಹೋಗುವುದಕ್ಕೆ ನಾಲ್ಕು ಈರುಳ್ಳಿಯಾದರೂ ಕೊಡು ಎಂದೂ ಕೇಳಿದಳು.

ಅಷ್ಟರಲ್ಲಿ ಬಲೆಯಣ್ಣನ ಫೋನು ಜೇಬಿನಲ್ಲಿ ಗುಂಯ್‌ಗುಟ್ಟಿತು. ಹೊಸ ಗಿರಾಕಿ. ಕಾರ್ಡು ನೋಡಿ ಮಾಡಿದ್ದರು. ಪಾರಿವಾಳದ ಕಾಟ ತಡೆಯಲಾಗುತ್ತಿಲ್ಲ, ನೀವು ಬಲೆ ಕಟ್ಟಿದ ಮೇಲೆ ಒಂದೂ ಬರುವುದಿಲ್ಲವಂತೆ ಹೌದೇ ಎಂದು ಕೇಳಿದರು.

"ಹೌದು ಸಾರ್," ಎಂದ ಅವನು, ತುಟಿ ಅಲುಗಿದರೆ ಎಲ್ಲಿ ಹಾರಿಹೋಗುತ್ತವೋ ಎಂಬಷ್ಟು ಮೆಲ್ಲಗೆ. "ಒಂದು ಪುಕ್ಕಾನೂ ಬರಲ್ಲ."

ಸ್ವಲ್ಪ ಜೋರಾಗಿ ಮಾತಾಡಿ, ಕೇಳಿಸುತ್ತಿಲ್ಲ ಎಂದರು ಅವರು. ಅವನು ಜೋರಾಗಿ ಮಾತಾಡಲಿಲ್ಲ. ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿಕೊಂಡು, ಬಲೆಯ ಈಚೆಗೆ ಉರುಳಿಬಂದಿದ್ದ ಒಂದು ಕಾಳನ್ನು ಬೆರಳ ತುದಿಯಿಂದ ಬಲೆಯ ಕಣ್ಣಿನೊಳಗೆ ತೂರಿಸಿ ಆಚೆಗೆ ತಳ್ಳಿದ.